ಹೊಟ್ಟೆಯೊಳಗೊಂದು ಮೋಡ

ನನ್ನ ಹೊಟ್ಟೆ ಉಬ್ಬಿಸುತ್ತಿರುವ ಅಪರಾಧಿ ಯಾರೇ ಆಗಿರಲಿ, ಹಾಲಾಗಲಿ, ಕಾಳಾಗಲಿ, ಕೋಸಾಗಲಿ, ಹಿಡಿದು ಮನೆಯಿಂದ ಗಡಿಪಾರು ಮಾಡಿಯೇ ತೀರುತ್ತೇನೆ! ಹೀಗೆಂದು ನಾನು ಘೋಷಿಸಿದ್ದು ಊಟದ ಮೇಜಿನ ಮುಂದೆ, ಕೈಯಲ್ಲಿ ಸೌಟು ಹಿಡಿದುಕೊಂಡು. ಆ ಕ್ಷಣ ನಾನು ಸೈನ್ಯದ ಮುಂದೆ ನಿಂತ ರಾಣಿ. ಸೈನ್ಯದಲ್ಲಿದ್ದವರು ಇಬ್ಬರೇ. ಒಬ್ಬರು ನನ್ನ ಗಂಡ, ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟವರು. ಇನ್ನೊಬ್ಬರು ಅತ್ತೆ, ಅಡುಗೆಮನೆಯ ಒಡತಿ. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆ ಎತ್ತಿದರು.

“ಅಂದ್ರೆ ನನ್ನ ಅಡುಗೆ ಮೇಲೆ ಅನುಮಾನ ಅನ್ನು.”

“ಅಡುಗೆ ಮೇಲಲ್ಲ ಅತ್ತೆ, ಅದರೊಳಗಿರೋ ಪದಾರ್ಥದ ಮೇಲೆ.”

“ಓಹೋ! ಮನೆ ಮೇಲಲ್ಲ, ಮನೆಯೊಳಗಿರೋರ ಮೇಲೆ ಅಂದ ಹಾಗಾಯ್ತು.”

ಗಂಡ ಮೆಲ್ಲಗೆ ಇನ್ನೊಂದು ಸೌಟು ಕಡಲೆಕಾಳು ಬಡಿಸಿಕೊಂಡರು. ಯುದ್ಧ ಬರುವ ಮುಂಚೆ ಜನ ದವಸ ಕೂಡಿಡುತ್ತಾರಂತೆ.

ಇಷ್ಟು ದೊಡ್ಡ ಶಪಥಕ್ಕೆ ಕಾರಣವಿತ್ತು. ನನ್ನ ಕೆಲಸ ಜನರನ್ನು ನಿದ್ದೆ ಮಾಡಿಸುವುದು. ನಿದ್ದೆ ಬಾರದವರು ಮಲಗುವ ಮುನ್ನ ಫೋನಿನಲ್ಲಿ ಕಥೆ ಕೇಳುತ್ತಾರಲ್ಲ, ಆ ಕಥೆಗಳನ್ನು ಓದುವವಳು ನಾನು. ಕಾಲೇಜಿನಲ್ಲಿ ಭಾಷಣ ಸ್ಪರ್ಧೆಗೆ ನಿಂತಾಗ ತೀರ್ಪುಗಾರರೆಲ್ಲ ತೂಕಡಿಸಿ ನನಗೆ ಬಹುಮಾನ ತಪ್ಪಿತ್ತು. ಅಂದು ದೋಷವೆನಿಸಿದ್ದೇ ಇಂದು ನನ್ನ ವೃತ್ತಿ. ಮನೆಯಲ್ಲಿ ಇದರಿಂದ ತೊಂದರೆಯೂ ಉಂಟು. ನಾನು ಜಗಳ ಶುರು ಮಾಡಿದರೆ ಗಂಡನಿಗೆ ಆಕಳಿಕೆ ಬರುತ್ತದೆ. ಈವರೆಗೆ ಒಂದು ಜಗಳವನ್ನೂ ಕೊನೆಯವರೆಗೆ ಆಡಲು ನನಗೆ ಸಾಧ್ಯವಾಗಿಲ್ಲ.

ನಮ್ಮ ಸ್ಟುಡಿಯೋ ಇರುವುದು ಒಂದು ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಓದುವ ಕೋಣೆಯ ಗೋಡೆಗಳಿಗೆಲ್ಲ ಬೂದು ಬಣ್ಣದ ಸ್ಪಂಜು. ಬಾಗಿಲು ಮುಚ್ಚಿದರೆ ಬೀದಿಯ ಸದ್ದೆಲ್ಲ ಯಾರೋ ಕಂಬಳಿ ಹೊದಿಸಿದಂತೆ ಅಡಗಿಬಿಡುತ್ತದೆ. ಮೇಜಿನ ಮೇಲೆ ಹಳದಿ ಬೆಳಕಿನ ಸಣ್ಣ ದೀಪ. ಮುಖದ ಮುಂದೆ ಮೈಕು. ಅಲ್ಲಿ ಕುಳಿತರೆ ಹೊರಗೆ ಬಿಸಿಲಿದೆಯೋ ಮಳೆಯಿದೆಯೋ ತಿಳಿಯುವುದಿಲ್ಲ. ನನ್ನ ಧ್ವನಿಯೇ ನನ್ನಿಂದ ಇಳಿದು ಕೋಣೆಯಲ್ಲಿ ಬರಿಗಾಲಲ್ಲಿ ಓಡಾಡುತ್ತಿರುವಂತೆ ಅನಿಸುತ್ತದೆ. ಗಾಜಿನ ಆಚೆಗೆ ಧ್ವನಿಮುದ್ರಣ ಮಾಡುವ ಕಿವಿಯಣ್ಣ ಕೂರುತ್ತಾರೆ. ಅವರ ಕಿವಿಗೆ ಬೀಳದ ಸದ್ದಿಲ್ಲವಾದ್ದರಿಂದ ಆ ಹೆಸರು. ಬಳೆ ಬಿಚ್ಚಿಸುತ್ತಾರೆ, ಗರಿಗರಿ ಬಟ್ಟೆ ಬೇಡವೆನ್ನುತ್ತಾರೆ, ಕುರ್ಚಿಯ ಕಾಲಿಗೆ ಕಾಲುಚೀಲ ತೊಡಿಸಿದ್ದಾರೆ. ನಾನು ಕೆಲಸಕ್ಕೆ ಸೇರಿದ ದಿನವೇ ಅವರು ಹೇಳಿದ್ದರು:

“ಮೇಡಂ, ವಾಕ್ಯ ಮುಗಿದ ಮೇಲೆ ಉಸಿರು ಬಿಡೋ ಸದ್ದು ಬರ್ತಿದೆ. ನಿದ್ದೆಗೆ ಜಾರ್ತಿರೋರ ಕಿವಿಗೆ ಯಾರೋ ಊದಿದ ಹಾಗಾಗುತ್ತೆ. ಅದೊಂದು ಬರದ ಹಾಗೆ ನೋಡ್ಕೊಳ್ಳಿ.”

ನೋಡಿಕೊಂಡೆ. ನಾನು ವಿಧೇಯ ವಿದ್ಯಾರ್ಥಿನಿ. ಅಂದಿನಿಂದ ನನ್ನ ಒಂದು ಉಸಿರೂ ಮೈಕಿಗೆ ಸಿಕ್ಕಿಲ್ಲ. ಆ ಉಸಿರುಗಳೆಲ್ಲ ಎಲ್ಲಿ ಹೋದವೆಂದು ಕಿವಿಯಣ್ಣ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಆಮೇಲೆ ‘ಮೋಡದೂರು’ ಎಂಬ ಉದ್ದನೆಯ ಕಥೆ ಬಂತು. ವಾರಕ್ಕೊಂದು ಅಧ್ಯಾಯ ಹೊರಬರುವ ಕಥೆ. ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಮೋಡದೂರಿನ ಮನೆಗಳ ಬಾಗಿಲಿಗೆ ಅಗುಳಿ ಇರಲಿಲ್ಲ, ಯಾರು ಬೇಕಾದರೂ ಒಳಗೆ ತೇಲಿ ಬರಬಹುದಿತ್ತು ಎಂದು ಓದುವಾಗ ನಾನೇ ಕುರ್ಚಿಯಿಂದ ಒಂದು ಗೇಣು ಮೇಲೆದ್ದಂತೆ ಹಗುರಾಗುತ್ತಿದ್ದೆ. ಹಗುರಾದದ್ದು ಮನಸ್ಸು. ಹೊಟ್ಟೆ ಬೇರೆ ದಾರಿ ಹಿಡಿದಿತ್ತು. ಸಂಜೆಯ ಹೊತ್ತಿಗೆ ಅದು ಬಿಗಿದ ಡೋಲು. ಕೂತರೆ ಭಾರ, ನಿಂತರೆ ಹಿಂಸೆ, ಒರಗಿದರೆ ಒಳಗೆ ಯಾರೋ ಪೀಠೋಪಕರಣ ಎಳೆದಾಡಿದಂತೆ ಸದ್ದು. ಬಸ್ಸಿನಲ್ಲಿ ಒಬ್ಬ ಹೆಂಗಸು ಎದ್ದು ಸೀಟು ಬಿಟ್ಟುಕೊಟ್ಟು, “ಎಷ್ಟು ತಿಂಗಳಮ್ಮಾ?” ಎಂದು ಅಕ್ಕರೆಯಿಂದ ಕೇಳಿದಳು. ಸೀಟು ಬೇಕಾಗಿತ್ತು. “ಇನ್ನೂ ಗೊತ್ತಾಗಿಲ್ಲ” ಎಂದು ಕೂತುಬಿಟ್ಟೆ.

ಒಂದು ದಿನ ಸ್ಟುಡಿಯೋದ ಯಜಮಾನಿ ತಾವೇ ಹೆಡ್‌ಫೋನು ಹಾಕಿಕೊಂಡು ಕಿವಿಯಣ್ಣನ ಪಕ್ಕ ಕುಳಿತರು. ನಾನು ನನ್ನ ಶ್ರೇಷ್ಠ ಧ್ವನಿಯಲ್ಲಿ ಅಧ್ಯಾಯದ ಕೊನೆಯ ಸಾಲು ಓದಿದೆ: “ಆಗ ಮೋಡದೂರಿನಲ್ಲಿ ಸಂಪೂರ್ಣ ಮೌನ ನೆಲೆಸಿತು.”

ಗುರ್ರ್ರ್ರ್... ಗುಡುಗುಡು... ಗುಳುಕ್!

ಗಾಜಿನ ಆಚೆ ಯಜಮಾನಿಯ ಹುಬ್ಬು ನಿಧಾನವಾಗಿ ಮೇಲೇರಿತು.

“ಇದೇನಾ ನಿಮ್ಮ ಸಂಪೂರ್ಣ ಮೌನ?”

“ಮೇಡಂ, ಇವತ್ತು ಬೆಳಗ್ಗೆ ಸ್ವಲ್ಪ...”

“ಇವತ್ತೊಂದೇ ದಿನ ಅಲ್ಲ,” ಎಂದರು ಕಿವಿಯಣ್ಣ, ಸುಳ್ಳು ಹೇಳಲು ಬಾರದ ಮನುಷ್ಯ. “ಹಿಂದಿನ ಅಧ್ಯಾಯಗಳಲ್ಲೂ ಇದೆ. ಬಿಡುವಿದ್ದ ಕಡೆ ಕತ್ತರಿಸಿದ್ದೀನಿ. ಮಾತಿನ ಅಡಿಯಲ್ಲಿ ಸಿಕ್ಕೊಂಡಿದ್ದನ್ನ ತೆಗೆಯೋಕಾಗ್ಲಿಲ್ಲ. ಹಾಗೇ ಹೋಗಿದೆ.”

“ಮುಂದಿನ ಕಥೆ ಇದಕ್ಕಿಂತ ದೊಡ್ಡದು,” ಎಂದರು ಯಜಮಾನಿ. “ನಿಮಗೇ ಕೊಡೋಣ ಅಂತಿದ್ದೆ. ಮೋಡದೂರು ಮುಗಿಯೋದ್ರೊಳಗೆ ನಿಮ್ಮ ಹೊಟ್ಟೆಗೆ ಬುದ್ಧಿ ಹೇಳಿ. ಇಲ್ಲ ಅಂದ್ರೆ ಜೇನುಗಂಟಲನ್ನ ಕರೀತೀನಿ.”

ಜೇನುಗಂಟಲು ಎಂದರೆ ಊರಿನ ಇನ್ನೊಬ್ಬ ಓದುಗಾರ್ತಿ. ಅವಳು ‘ಹಲೋ’ ಎಂದರೂ ಕೇಳಿದವರಿಗೆ ಗಂಟಲು ಸಿಹಿಯಾಗುತ್ತದೆಂಬ ಪ್ರತೀತಿ. ಹೊಟ್ಟೆಪಾಡಿಗೆ ಕೆಲಸ ಮಾಡುವುದನ್ನು ಕೇಳಿದ್ದೆ, ಹೊಟ್ಟೆಯಿಂದಲೇ ಕೆಲಸ ಹೋಗುವ ಪಾಡು ನನಗೇ ಬರಬೇಕೆ! ಮನೆಗೆ ಬಂದೆ, ಸೌಟು ಹಿಡಿದೆ, ಶಪಥ ಮಾಡಿದೆ.

ಮೊದಲು ಬಂಧನಕ್ಕೆ ಒಳಗಾದದ್ದು ಹಾಲು. ಮರುದಿನ ಭಾನುವಾರ. ಬೆಳಗ್ಗೆ ಎದ್ದು ಕಿಟಕಿಯ ಬಳಿ ಕೂತೆ. ಪರದೆ ಉಬ್ಬಿ ಇಳಿಯುತ್ತಿತ್ತು. ಹೊಟ್ಟೆ ಮಾತ್ರ ಗಾಳಿಯಾಡದ ಕೆರೆಯಂತೆ ತಿಳಿಯಾಗಿತ್ತು. “ಹಾಲೇ ಕಳ್ಳ!” ಎಂದು ಮನೆಯಿಡೀ ಸಾರಿದೆ. ಸೋಮವಾರ ಸಂಜೆ ಡೋಲು ಮತ್ತೆ ಬಿಗಿಯಿತು. ಹಾಲಿನ ಜೊತೆ ಕಡಲೆಕಾಳನ್ನೂ ಜೈಲಿಗೆ ಹಾಕಿದೆ. ಮುಂದಿನ ಭಾನುವಾರ ಮತ್ತೆ ಕೆರೆ ತಿಳಿ. “ಕಾಳು, ಕಾಳು! ಸಿಕ್ಕಿಬಿತ್ತು!” ಸೋಮವಾರ ಮತ್ತೆ ಡೋಲು. ಹೀಗೆ ಎಲೆಕೋಸು ಹೋಯಿತು, ಈರುಳ್ಳಿ ಹೋಯಿತು, ಬ್ರೆಡ್ಡು ಹೋಯಿತು. ಪ್ರತಿ ಭಾನುವಾರ ನಾನು ಗೆದ್ದೆ, ಪ್ರತಿ ಸೋಮವಾರ ಸೋತೆ.

ಗಂಡನ ವಿಚಾರಣೆಯ ಕ್ರಮ ಅವರ ಅಂಗಡಿಯದೇ.

“ಕೋಸಿದ್ದಾಗ ಚೆನ್ನಾಗಿತ್ತಾ? ಕೋಸಿಲ್ದಾಗ ಚೆನ್ನಾಗಿದ್ಯಾ?”

“ಎರಡೂ ಒಂದೇ ಥರ.”

“ಹಾಗಾದ್ರೆ ಮುಂದಿನ ಗಾಜು.”

“ರೀ, ಇದು ಕಣ್ಣಲ್ಲ, ಹೊಟ್ಟೆ!”

“ಗೊತ್ತು ಮಾರಾಯ್ತಿ. ಕಣ್ಣಾಗಿದ್ರೆ ಇಷ್ಟೊತ್ತಿಗೆ ಕನ್ನಡಕ ಹಾಕಿ ಕಳಿಸ್ಬಿಡ್ತಿದ್ದೆ,” ಎಂದು ಅವರು ಆಕಳಿಸಿದರು.

ಅಡುಗೆಮನೆ ಬಡವಾಗುತ್ತಾ ಬಂತು. ಈರುಳ್ಳಿ ಹುರಿಯುವ ಪರಿಮಳ ಸಂಜೆಯ ಬೆಳಕಿನ ಜೊತೆ ಹಜಾರದವರೆಗೆ ನಡೆದು ಬರುತ್ತಿತ್ತು, ಅದು ನಿಂತುಹೋಯಿತು. ಅಡುಗೆ ಮಾಡುತ್ತಾ ಗುನುಗುವ ಅಭ್ಯಾಸವಿದ್ದ ಅತ್ತೆ ಗುನುಗುವುದನ್ನು ಬಿಟ್ಟರು. ಬೇಯಿಸಿದ ಆಲೂಗಡ್ಡೆಯನ್ನು ತಟ್ಟೆಗೆ ಇಡುತ್ತಾ, “ಉಪ್ಪು ಹಾಕ್ಲಾ, ಇಲ್ಲ ಅದರ ಮೇಲೂ ಕೇಸ್ ಇದೆಯಾ?” ಎಂದು ಕೇಳುತ್ತಿದ್ದರು. ನಗುವುದಕ್ಕೆ ಹೇಳಿದ್ದಲ್ಲ. ಅವರ ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು. ಎಷ್ಟೋ ವರ್ಷ ಈ ಮನೆಯ ಹೊಟ್ಟೆಗಳನ್ನು ತಣ್ಣಗಿಟ್ಟ ಹೆಂಗಸು. ಈಗ ಸೊಸೆಯೊಬ್ಬಳು ಬಂದು ಅವರ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಮೂಸಿ ನೋಡುತ್ತಿದ್ದಾಳೆ. ನನಗೂ ಒಳಗೊಳಗೆ ಚುರುಕ್ಕೆನ್ನುತ್ತಿತ್ತು. ಆದರೆ ಜೇನುಗಂಟಲು ನೆನಪಾದ ಕೂಡಲೇ ಮನಸ್ಸು ಮತ್ತೆ ಪೊಲೀಸಾಗುತ್ತಿತ್ತು.

ಗಂಡ ಮಾತ್ರ ಅಚ್ಚರಿಯಾಗುವಂತೆ ಶಾಂತರಾಗಿದ್ದರು. ದಿನವೂ ಸಪ್ಪೆ ಆಲೂಗಡ್ಡೆ ತಿಂದು ಮುಖದಲ್ಲಿ ಕಳೆ ಹೆಚ್ಚಿಸಿಕೊಂಡು ಬರುತ್ತಿದ್ದರು. ಎಂಥ ತ್ಯಾಗಿ ಎಂದು ನಾನು ಕಣ್ಣು ತೇವ ಮಾಡಿಕೊಂಡೆ. ಅದು ತ್ಯಾಗವಲ್ಲವೆಂದು ತಿಳಿದದ್ದು ನಿವೃತ್ತ ಪೋಸ್ಟ್‌ಮಾಸ್ಟರರಿಂದ. ಒಂದು ದಿನ ನಾನು ಕನ್ನಡಕದ ಅಂಗಡಿಗೆ ಹೋಗಿದ್ದಾಗಲೇ ಅವರು ಮೆಟ್ಟಿಲು ತಡವರಿಸುತ್ತಾ ಹತ್ತಿ ಬಂದು, ಕನ್ನಡಕದ ಪೆಟ್ಟಿಗೆಯನ್ನು ಗಂಡನ ಮುಂದೆ ತೆರೆದಿಟ್ಟರು. ಒಳಗೆ, ಮೆತ್ತನೆಯ ಕೆಂಪು ಬಟ್ಟೆಯ ಮೇಲೆ, ಕ್ರೀಮ್ ಬಿಸ್ಕತ್ತುಗಳು ಒರಗಿ ಮಲಗಿದ್ದವು.

“ಇದ್ರಲ್ಲಿ ದೂರದ್ದು ಕಾಣುತ್ತಾ, ಹತ್ತಿರದ್ದಾ?”

ಗಂಡನ ಮುಖದ ಕಳೆ ಎಲ್ಲಿಂದ ಬಂದದ್ದೆಂದು ನನಗೆ ಹತ್ತಿರದ್ದೂ ದೂರದ್ದೂ ಒಟ್ಟಿಗೇ ಕಂಡಿತು! ಕಪಾಟು ತೆಗೆದರೆ ಪೆಟ್ಟಿಗೆ ಪೆಟ್ಟಿಗೆಯಲ್ಲೂ ತಿಂಡಿ. ಪೋಸ್ಟ್‌ಮಾಸ್ಟರರ ಕನ್ನಡಕ ಗಂಡನ ಊಟದ ಡಬ್ಬಿಯಲ್ಲಿ ಸಿಕ್ಕಿತು.

“ಎಲ್ಲಿಂದ ಬಂತು ಇದೆಲ್ಲ?” ಎಂದು ಕೇಳಿದೆ.

“ಅಮ್ಮ ಕೊಟ್ಟು ಕಳಿಸ್ತಾಳೆ,” ಎಂದರು. “ಮನೇಲಿ ಕರ್ಫ್ಯೂ ಇದ್ರೆ ಜನ ಏನ್ ಮಾಡ್ಬೇಕು?”

ಸಂಜೆ ಅತ್ತೆಯನ್ನು ಕೇಳಿದೆ. ಅವರು ಒಂದಿಷ್ಟೂ ಅಳುಕಲಿಲ್ಲ. “ಹೂಂ, ನಾನೇ ಕೊಟ್ಟೆ. ಕಡಲೆಕಾಳೂ ಬೇಯಿಸಿ ಕೊಟ್ಟೆ. ಅವನ ಹೊಟ್ಟೆ ಏನಾದ್ರೂ ಉಬ್ಬಿದ್ಯಾ? ನನ್ನದು ಉಬ್ಬಿದ್ಯಾ? ಒಂದೇ ಪಾತ್ರೆ, ಒಂದೇ ಸೌಟು. ಕಾಳಿಗೆ ನಿನ್ನ ಮೇಲೊಂದೇ ದ್ವೇಷನಾ?” ಆಮೇಲೆ ಧ್ವನಿ ಸ್ವಲ್ಪ ತಗ್ಗಿತು. “ನನ್ನ ಅಡುಗೆ ತಿಂದು ಯಾರಿಗೂ ಏನೂ ಆಗಿಲ್ಲಮ್ಮ. ಡಾಕ್ಟರ ಹತ್ರ ಹೋಗಿ ಬಾ. ತಪ್ಪು ನನ್ನದೇ ಅಂದ್ರೆ ಸೌಟು ನಿನ್ನ ಕೈಗೆ ಕೊಟ್ಟು ಆಚೆ ಕೂತ್ಕೋತೀನಿ.”

ಈಗ ಪಣಕ್ಕೆ ಬಿದ್ದದ್ದು ನನ್ನ ಕಥೆಯೊಂದೇ ಅಲ್ಲ, ಅವರ ಸೌಟು ಕೂಡ. ಮೋಡದೂರಿನ ಕೊನೆಯ ಅಧ್ಯಾಯಗಳಷ್ಟೇ ಉಳಿದಿದ್ದವು. ಹೋದೆ.

ಡಾಕ್ಟರಮ್ಮನ ಕೋಣೆಯ ಬಾಗಿಲು ಸದಾ ಅರೆ ತೆರೆದಿರುತ್ತದೆ. ಹೊರಗೆ ಬೆಂಚಿನ ಮೇಲೆ ಕೆಮ್ಮುವವರು, ನರಳುವವರು, ಅಳುವ ಮಗು. ನಾನು ಕೂತು ನನ್ನ ಕಷ್ಟವನ್ನು ವಿವರವಾಗಿ ಹೇಳತೊಡಗಿದೆ. ಹಾಲಿನಿಂದ ಶುರು ಮಾಡಿ ಈರುಳ್ಳಿಗೆ ಬರುವಷ್ಟರಲ್ಲಿ ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಇಟ್ಟು ಆಕಳಿಸಿದರು.

“ಕ್ಷಮಿಸಿ. ನೀವು ಹೇಳಿ. ತೂಕ ಇಳಿದಿದ್ಯಾ? ಜ್ವರ? ವಾಂತಿ? ರಕ್ತ ಗಿಕ್ತ?”

“ಏನೂ ಇಲ್ಲ.”

“ರಜಾ ದಿನ ಹೊಟ್ಟೆ ಹೇಗಿರುತ್ತೆ?”

“ರಜಾ ದಿನ ಸರಿಯಾಗೇ ಇರುತ್ತೆ,” ಎಂದೆ. ಹೇಳಿದ ಮೇಲೆ ಮೊದಲ ಬಾರಿಗೆ ನನ್ನ ಮಾತು ನನಗೇ ವಿಚಿತ್ರವಾಗಿ ಕೇಳಿಸಿತು. ರಜಾ ದಿನವೂ ಅತ್ತೆಯದೇ ಅಡುಗೆ.

“ಏನು ಕೆಲಸ ನಿಮ್ಮದು?”

“ಜನರನ್ನ ನಿದ್ದೆ ಮಾಡಿಸೋದು.”

“ಆಪರೇಷನ್ ಥಿಯೇಟರಿನಲ್ಲಾ?”

“ಅಲ್ಲ, ಕಥೆ ಓದಿ.”

ಅವರು ಎಚ್ಚರವಾಗಿ ಕೂತರು. ನನ್ನನ್ನು ಮಲಗಿಸಿ, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು, “ಎಲ್ಲಿ, ಕೆಲಸದಲ್ಲಿ ಓದೋ ಹಾಗೇ ಓದಿ,” ಎಂದರು. ಪುಸ್ತಕ ಬೇಕಿರಲಿಲ್ಲ. ಛಾವಣಿಯ ಬಿಳುಪನ್ನು ನೋಡುತ್ತಾ ಶುರು ಮಾಡಿದೆ.

“ಮೋಡದೂರಿನಲ್ಲಿ ಬೀದಿಗಳು ಇರಲಿಲ್ಲ. ಜನ ಒಬ್ಬರ ನೆನಪಿನಿಂದ ಇನ್ನೊಬ್ಬರ ನೆನಪಿಗೆ ನಡೆದು ಹೋಗುತ್ತಿದ್ದರು. ಅಲ್ಲಿಯ ದೀಪಗಳಿಗೆ ಎಣ್ಣೆ ಬೇಕಿರಲಿಲ್ಲ. ಯಾರಾದರೂ ಹಾದಿ ಕಾಯುತ್ತಿದ್ದರೆ ಸಾಕು, ಉರಿಯುತ್ತಿದ್ದವು.”

ಹೊರಗೆ ಕೆಮ್ಮು ನಿಂತಿತು. ಮಗುವಿನ ಅಳು ಸಣ್ಣಗಾಗಿ ಕರಗಿತು. ಇಡೀ ಆಸ್ಪತ್ರೆ ಹತ್ತಿಯೊಳಗೆ ಸುತ್ತಿಟ್ಟಂತೆ ಮೆತ್ತಗಾಯಿತು. ನಾನೂ ನನ್ನ ಧ್ವನಿಯ ಮೇಲೆ ತೇಲುತ್ತಾ ದೂರ ಹೋದೆ. ಎಷ್ಟೋ ಹೊತ್ತಾದ ಮೇಲೆ ಡಾಕ್ಟರಮ್ಮ ಕೆನ್ನೆಗೆ ತಾವೇ ತಟ್ಟಿಕೊಂಡು ಹೇಳಿದರು:

“ಸಾಕು, ಸಾಕು! ಇನ್ನೊಂದು ಪುಟ ಓದಿದ್ರೆ ನನ್ನನ್ನ ಈ ಮಂಚದ ಮೇಲೆ ಮಲಗಿಸ್ಬೇಕಾಗುತ್ತೆ. ಸಿಕ್ತು ನಿಮ್ಮ ಕಳ್ಳ.”

“ಯಾರು? ಈರುಳ್ಳಿನಾ?”

“ಪೂರ್ಣವಿರಾಮ.”

ನಾನು ಎದ್ದು ಕೂತೆ.

“ಒಂದೊಂದು ವಾಕ್ಯ ಮುಗಿದಾಗಲೂ ಉಸಿರನ್ನ ಹೊರಗೆ ಬಿಡೋ ಬದಲು ಗುಳುಕ್ ಅಂತ ನುಂಗ್ತಿದ್ದೀರಿ. ದಿನಕ್ಕೆ ಎಷ್ಟು ಪುಟ ಓದ್ತೀರೋ ಅಷ್ಟು ಪುಟದ ಗಾಳಿ ಹೊಟ್ಟೆಗೆ. ಬೆಲೂನಿಗೆ ಊದಿದ ಹಾಗೆ. ಉಬ್ಬದೆ ಇನ್ನೇನಾಗುತ್ತೆ? ಊಟದ ತಂಟೆ ಬಿಟ್ಬಿಡಿ. ಎಲ್ಲರ ಹಾಗೆ ಉಸಿರಾಡಿ.”

ಔಷಧಿ ಚೀಟಿಯಲ್ಲಿ ಅವರು ಬರೆದದ್ದು ಒಂದೇ ಪದ: ‘ಉಸಿರಾಡಿ’. ಹೊರಗೆ ಬಂದಾಗ ಬೆಂಚಿನವರೆಲ್ಲ ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ರಿಸುತ್ತಿದ್ದರು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದೆ.

ಮನೆಯಲ್ಲಿ ಚೀಟಿಯನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಓದಿದರು, ಮತ್ತೆ ಓದಿದರು.

“ಗಾಳಿ ನುಂಗಿದ್ದು ನೀನು. ಜೈಲಿಗೆ ಹೋಗಿದ್ದು ನನ್ನ ಎಲೆಕೋಸು.”

“ತಪ್ಪಾಯ್ತು ಅತ್ತೆ.”

“ನನ್ನ ಹತ್ರ ಯಾಕೆ? ಆ ಕಾಳಿನ ಡಬ್ಬಿ ಹತ್ರ ಹೇಳು.”

ಹೇಳಿದೆ. ನಿಜವಾಗಿ, ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು ಹೇಳಿದೆ. ಅಂದು ಸಂಜೆ ಈರುಳ್ಳಿಯ ಪರಿಮಳ ಮತ್ತೆ ಹಜಾರಕ್ಕೆ ನಡೆದು ಬಂತು, ಹಿಂದೆಯೇ ಅತ್ತೆಯ ಗುನುಗು.

ಕಿವಿಯಣ್ಣ ವಿಷಯ ಕೇಳಿ ತಲೆ ಮೇಲೆ ಕೈ ಹೊತ್ತರು. “ಅಯ್ಯೋ, ಮುಖ ಪಕ್ಕಕ್ಕೆ ತಿರುಗಿಸಿ ಬಿಡಿ ಅನ್ನೋ ಅರ್ಥದಲ್ಲಿ ಹೇಳಿದ್ದು ಮೇಡಂ! ನುಂಗಿ ಅಂದೆನಾ?” ಪಕ್ಕಕ್ಕೆ ತಿರುಗಿ ಉಸಿರು ಬಿಡುವುದನ್ನು ಕಲಿತೆ. ಹೊಟ್ಟೆ ಇಳಿಯಿತು, ಸದ್ದು ಅಡಗಿತು. ಮೋಡದೂರಿನ ಕೊನೆಯ ಅಧ್ಯಾಯಗಳನ್ನು ಹಿಮ ಬಿದ್ದಷ್ಟು ಮೌನದಲ್ಲಿ ಓದಿ ಮುಗಿಸಿದೆ. ಜೇನುಗಂಟಲು ಇನ್ನು ಜೇನು ಮಾರಲಿ!

ಅವುಗಳಲ್ಲಿ ಮೊದಲನೆಯದು ಹೊರಬಂದ ಮಧ್ಯಾಹ್ನ ಅತ್ತೆ ಎಂದಿನಂತೆ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದರು. ನನ್ನ ಕಥೆ ಕೇಳದೆ ಅವರಿಗೆ ಮಧ್ಯಾಹ್ನದ ನಿದ್ದೆ ಹತ್ತುವುದಿಲ್ಲ. ಎಷ್ಟೇ ಮುನಿಸಿದ್ದಾಗಲೂ ಇದನ್ನು ತಪ್ಪಿಸಿರಲಿಲ್ಲ. ಕಥೆ ಮುಗಿಯುವ ಹೊತ್ತಿಗೆ ಇಣುಕಿದೆ. ಕಣ್ಣು ಅಗಲ ಬಿಟ್ಟುಕೊಂಡು ಛಾವಣಿ ನೋಡುತ್ತಿದ್ದಾರೆ!

“ಯಾಕತ್ತೆ, ನಿದ್ದೆ ಬರ್ಲಿಲ್ವಾ?”

“ಇವತ್ತು ಏನೋ ಇಲ್ಲಮ್ಮ. ಮಳೆ ಬರೋ ಹಾಗಾಗಿ ಬರ್ಲೇ ಇಲ್ಲ.”

ನನಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಕೆಲವು ದಿನಗಳ ಮೇಲೆ, ಯಜಮಾನಿ ಕರೆಸಿದಾಗ. ಕಿವಿಯಣ್ಣ ತಲೆ ತಗ್ಗಿಸಿ ಕೂತಿದ್ದರು. ಯಜಮಾನಿ ಫೋನು ತೆಗೆದು ಕೇಳುಗರ ಮಾತುಗಳನ್ನು ಓದಿದರು. “‘ಮೊದಲೆಲ್ಲ ಕಥೆಯ ನಡುವೆ ಎಲ್ಲೋ ದೂರದಲ್ಲಿ ಗುಡುಗು ಕೇಳಿಸ್ತಿತ್ತು. ಹೊದಿಕೆ ಎಳ್ಕೊಂಡು ಬೆಚ್ಚಗೆ ಮಲಗ್ತಿದ್ವಿ. ಈಗ ಗುಡುಗೂ ಇಲ್ಲ, ನಿದ್ದೆಯೂ ಇಲ್ಲ.’ ಇನ್ನೊಂದು ಕೇಳಿ. ‘ಓದುವವರು ಪರವಾಗಿಲ್ಲ. ಗುಡುಗು ಮಾತ್ರ ಅದ್ಭುತ.’”

ಮೋಡದೂರು ನನ್ನ ಕಣ್ಣೆದುರೇ ಕರಗಿ ಸುರಿಯಿತು.

“ನಿಜವಾದ ಗುಡುಗು ತಂದು ಸೇರಿಸಿ ನೋಡಿದೆ,” ಎಂದರು ಕಿವಿಯಣ್ಣ ಸಣ್ಣ ಧ್ವನಿಯಲ್ಲಿ. “ಅದು ಬೇರೆ ಯಾರದೋ ಊರಿನ ಗುಡುಗು ಅನ್ಸುತ್ತೆ ಮೇಡಂ. ಹತ್ರ ಬರಲ್ಲ.”

“ಜೇನುಗಂಟಲನ್ನೂ ಕರೆಸಿ ಓದಿಸಿದೆ,” ಎಂದರು ಯಜಮಾನಿ. “ಧ್ವನಿ ಏನೋ ಚೆನ್ನಾಗಿದೆ. ಹೊಟ್ಟೆ ಒಂದು ಮಾತೂ ಆಡಲ್ಲ. ಧ್ವನಿಗೆ ಬೇಕಾದಷ್ಟು ಜನ ಸಿಗ್ತಾರೆ. ಇಂಥ ಹೊಟ್ಟೆ ಎಲ್ಲಿ ಸಿಗುತ್ತೆ? ಮುಂದಿನ ಕಥೆ ನಿಮ್ಮದೇ. ಒಂದೇ ಷರತ್ತು. ಅಧ್ಯಾಯಕ್ಕೊಂದಾದ್ರೂ ಗುಡುಗು ಬರ್ಬೇಕು.”

ಕೆಲಸ ಸಿಕ್ಕಿತು. ಕೈ ಮುಗಿದು ಹೊರಗೆ ಬಂದೆ. ಕೆಳಗಿನ ಅಂಗಡಿಯಲ್ಲಿ ಹಾಸಿಗೆಗಳು ಗೋಡೆಗೊರಗಿ ನಿಂತಿದ್ದವು. ಒಂದರ ಮೇಲೆ ಬಿದ್ದು ಅಳೋಣವೋ ನಗೋಣವೋ ತಿಳಿಯಲಿಲ್ಲ. ಕಾಲೇಜಿನಿಂದ ಇಲ್ಲಿಯವರೆಗೆ ಹೊತ್ತು ತಂದ ಧ್ವನಿ. ಗೆದ್ದದ್ದು ನನ್ನ ಕರುಳು!

ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿದೆ. ಗಂಡ ನಗುತ್ತಾ ನಗುತ್ತಾ ಮೇಜಿನ ಮೇಲೆ ತಲೆಯಿಟ್ಟರು. ಅತ್ತೆ ನಗಲಿಲ್ಲ. ಗಂಭೀರವಾಗಿ ಎದ್ದು ಒಳಗೆ ಹೋದರು, ಕಡಲೆಕಾಳಿನ ಪಾತ್ರೆ ತಂದರು, ದೊಡ್ಡ ಸೌಟು ತುಂಬಿ ನನ್ನ ತಟ್ಟೆಗೆ ಸುರಿದರು. ಮೇಲೆ ಇನ್ನೊಂದು ಸೌಟು.

“ತಿನ್ನಮ್ಮ. ನಾಳೆ ಕೆಲಸ ಇದೆಯಲ್ಲ.”

“ಅತ್ತೆ! ಕಾಳಿನಿಂದ ಹೊಟ್ಟೆಗೆ ಏನೂ ಆಗಲ್ಲ ಅಂತ ಇಷ್ಟು ದಿನ ವಾದ ಮಾಡಿದ್ದು ನೀವೇ ಅಲ್ವಾ?”

“ಅದು ಆರೋಪ ಇದ್ದಾಗ,” ಎಂದರು ಅತ್ತೆ, ಮೂರನೇ ಸೌಟು ಎತ್ತುತ್ತಾ. “ಈಗ ಹೆಸರು ಬರೋ ಹೊತ್ತು. ಸುಮ್ನೆ ತಿನ್ನು!”